ಕೆಂಪುಕಲ್ಲಿನ ಕೋರೆ: ಯಾವ ಪದರದ್ದು ಅಂತ ಹೇಳಿಯೇ ಕೊಡುತ್ತಾರೆ

ಉಡುಪಿ, ಕಾರ್ಕಳ ಕಡೆ ಕಂಪೌಂಡ್ ಕಟ್ಟಿಸಲು ಕೆಂಪುಕಲ್ಲು ಹುಡುಕುವವರಿಗೆ ನಮ್ಮ ಊರ ಪಕ್ಕದ ಕೋರೆಯನ್ನು ಧೈರ್ಯವಾಗಿ ಹೇಳುತ್ತೇನೆ. ದರ ಬೇರೆ ಕಡೆಗಿಂತ ಸ್ವಲ್ಪ ಜಾಸ್ತಿ. ಆದರೂ ಬಾವಿಕಟ್ಟೆಗೂ ಇಲ್ಲಿಂದಲೇ ತರಿಸುವವಳಿದ್ದೇನೆ.

ಕೆಂಪುಕಲ್ಲಿಗೆ ಇಂಗ್ಲಿಷಿನಲ್ಲಿ ಲ್ಯಾಟರೈಟ್ ಅನ್ನುತ್ತಾರೆ. ಈಗ ಕುಂಡಕ್ಕೆ ಹಾಕುವ ಮಣ್ಣಿಗೂ, ಗೋಡೆಗೆ ಅಂಟಿಸುವ ತೆಳು ಬಿಲ್ಲೆಗೂ ‘ಲ್ಯಾಟರಿಟಿಕ್’ ಅಂತ ಹೇಳಿ ಮಾರುತ್ತಾರೆ. ಸುಳ್ಳೇನಲ್ಲ. ಬಿಸಿಲು, ಜೋರು ಮಳೆಗೆ ಬಂಡೆ ಕೊಳೆತು, ಸಿಲಿಕಾ, ಸುಣ್ಣದ ಅಂಶ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಜಾಸ್ತಿ ಉಳಿದರೆ ಅದು ಲ್ಯಾಟರಿಟಿಕ್. ಮಣ್ಣೂ ಆಗಬಹುದು, ಕಲ್ಲೂ ಆಗಬಹುದು. ಎಷ್ಟು ಗಟ್ಟಿ ಅನ್ನುವುದು ಮಾತ್ರ ಆ ಹೆಸರಿನಲ್ಲಿ ಸಿಗುವುದಿಲ್ಲ. ಗೋಡೆ ಕಟ್ಟಿಸುವವರಿಗೆ ಬೇಕಾದ್ದು ಅದೇ ಅಲ್ವಾ?

ಈ ಕೋರೆಯವರ ಒಳ್ಳೆಯತನ ಇಲ್ಲಿದೆ. ಕಡಿದ ಗುಂಡಿಯ ಅಂಚಿಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಮೇಲೆ ಕಂದು ಬಣ್ಣದ ಗಟ್ಟಿ ಪದರ, ಬೆರಳ ತುದಿ ಹೋಗುವಷ್ಟು ತೂತುಗಳು. ಕೆಳಗೆ ಹೋದಂತೆ ಕೆಂಪು ತಿಳಿಯಾಗಿ ಹಳದಿ ಬೆರೆಯುತ್ತದೆ. ತಳದಲ್ಲಿ ಬಿಳಿ ಶೇಡಿ ಮಣ್ಣು, ಉಗುರಿನಲ್ಲಿ ಕೆರೆದರೆ ಪುಡಿ ಬರುತ್ತದೆ. ಒಂದೊಂದು ಪದರದ ಕಲ್ಲನ್ನೂ ಬೇರೆ ಬೇರೆ ಪೇರಿಸಿದ್ದಾರೆ. ನಾನು ಕಡಿಮೆ ದರದ ರಾಶಿ ನೋಡುತ್ತಿದ್ದಾಗ ಅವರೇ ತಡೆದರು: “ಅಕ್ಕ, ಬಿಳಿ ಕಾಣುವ ಕಲ್ಲು ಹೊರಗೋಡೆಗೆ ಬೇಡ. ಮಳೆಗೆ ತಿಂದುಹೋಗ್ತದೆ.” ಜಾಸ್ತಿ ಮಾರುವ ಆಸೆಯಿದ್ದವರು ಹೀಗೆ ಹೇಳುವುದಿಲ್ಲ.

ಕಡಿದ ತಕ್ಷಣ ಲಾರಿಗೆ ಏರಿಸುವುದೂ ಇಲ್ಲ. ಗಾಳಿಗೆ ಒಣಗಲು ಬಿಡುತ್ತಾರೆ. ಇದು ಹಳೆಯ ತಿಳಿವಳಿಕೆ. ಮಲಬಾರಿನ ಅಂಗಡಿಪುರಂನಲ್ಲಿ ಈ ಕಲ್ಲನ್ನು ನೋಡಿ, 1807ರ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಕೂಡ ಇದನ್ನೇ ಬರೆದಿದ್ದಾನೆ: ನೆಲದಲ್ಲಿದ್ದಾಗ ಸುಲಭವಾಗಿ ಕಡಿಯಬಹುದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಕುಮಟಾ ಹತ್ತಿರದ ಮಿರ್ಜಾನ್ ಕೋಟೆ ನೋಡಿದರೆ ಈ ಕಲ್ಲಿನ ತಾಕತ್ತು ಗೊತ್ತಾಗುತ್ತದೆ.

ಹಾಗಂತ ಗಾರೆ ಬೇಡವೇ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹಳೆ ಗೋವಾದ ಬಾಮ್ ಜೀಸಸ್ ಬೆಸಿಲಿಕಾದ ಹೊರಗಿನ ಗಾರೆಯನ್ನು 1950ರ ದಶಕದಲ್ಲಿ ಕಿತ್ತರು. ಒಳಗಿನ ಕೆಂಪುಕಲ್ಲು ಚೆಂದ ಕಂಡಿತು, ಆದರೆ ಈಗ ಮಳೆಗೆ ಸವೆಯುತ್ತಿದೆ. ನಮ್ಮ ಮೇಸ್ತ್ರಿ ಹೇಳಿದಂತೆ ಮಳೆ ಹೊಡೆಯುವ ಪಡುವಣ ಬದಿಗೆ ಗಾರೆ ಹಾಕಿಸಿದೆ. ಉಳಿದ ಬದಿ ಹಾಗೇ ಬಿಟ್ಟೆ, ಸಂಜೆ ಬಿಸಿಲಿಗೆ ಬಹಳ ಚೆಂದ.

ದೂರು ಒಂದೇ, ಸಾಗಾಟದ್ದು. ಲಾರಿಯವರು ಎತ್ತಿ ಹಾಕಿದ ರಭಸಕ್ಕೆ ಸುಮಾರು ಕಲ್ಲುಗಳ ಮೂಲೆ ಮುರಿಯಿತು. ನಾನು ಫೋನ್ ಮಾಡಿದ ಕೂಡಲೇ ಕೋರೆಯವರು ಬದಲಿ ಕಲ್ಲು ಕಳಿಸಿದರು, ಮರುಮಾತಾಡಲಿಲ್ಲ. ನೀವು ತರಿಸುವುದಾದರೆ ಇಳಿಸುವಾಗ ಪಕ್ಕದಲ್ಲೇ ನಿಂತಿರಿ. ಆರ್ಡರ್ ಕೊಡುವಾಗ ಬರೀ ಕೆಂಪುಕಲ್ಲು ಅನ್ನಬೇಡಿ, ಮೇಲಿನ ಪದರದ್ದು ಬೇಕು ಅಂತ ಬಿಲ್ಲಿನಲ್ಲೇ ಬರೆಸಿ. ಇವರು ಬರೆದುಕೊಡುತ್ತಾರೆ.