ಮೀನೆಣ್ಣೆ ಕ್ಯಾಪ್ಸೂಲ್: ಡಬ್ಬಿಯ ಹಿಂಭಾಗ ಓದಿ ಕೊಳ್ಳಿ

ಐದಕ್ಕೆ ಎರಡು ಸ್ಟಾರ್. ಮಾಲು ಕೆಟ್ಟದ್ದೇನಲ್ಲ. ಉಳಿದ ಮೂರನ್ನು ಕತ್ತರಿಸಿದ್ದು ಡಬ್ಬಿಯ ಮೇಲಿರುವ ಕೆಂಪು ಹೃದಯದ ಚಿತ್ರಕ್ಕೆ.

ನಮ್ಮ ಯಜಮಾನರಿಗೆ ಶುಗರ್ ಇದೆ. "ಅತ್ತಿಗೆ, ಅಣ್ಣನ ಹಾರ್ಟಿಗೆ ಒಳ್ಳೆಯದು, ದಿನಾ ಒಂದು ಕೊಡಿ" ಅಂತ ಮೈದುನ ಆನ್‌ಲೈನಿನಲ್ಲಿ ತರಿಸಿಕೊಟ್ಟ. ಬಂಗಾರದ ಬಣ್ಣದ ಕ್ಯಾಪ್ಸೂಲು, ಮುಚ್ಚಳ ತೆಗೆದರೆ ವಾಸನೆಯೇ ಇಲ್ಲ. ಊಟದ ಜೊತೆ ನುಂಗಿದರೆ ತೊಂದರೆಯಿಲ್ಲ. ಖಾಲಿ ಹೊಟ್ಟೆಗೆ ನುಂಗಿದರೆ ಮಾತ್ರ ಮಧ್ಯಾಹ್ನದವರೆಗೂ ಮೀನಿನ ತೇಗು. ನಾನು ಮಲ್ಪೆಯವಳು, ಮರದ ದೋಣಿಗೆ ಮೀನೆಣ್ಣೆ ಬಳಿಯುವ ವಾಸನೆಯಲ್ಲೇ ಬೆಳೆದವಳು. ನನಗೇನೂ ಅನ್ನಿಸಲಿಲ್ಲ, ಅವರು ಮುಖ ಹಿಂಡಿದರು.

ಈಗ ಲೆಕ್ಕಕ್ಕೆ ಬನ್ನಿ. ಮುಂದೆ ದಪ್ಪಕ್ಷರದಲ್ಲಿ 1000 ಮಿಲಿಗ್ರಾಂ. ಹಿಂದೆ ಸಣ್ಣಕ್ಷರದಲ್ಲಿ ಇಪಿಎ 180, ಡಿಎಚ್‌ಎ 120. ಇವೆರಡೂ ಒಮೇಗಾ-3, ಅಂದರೆ ಹಾರ್ಟಿಗೆ ಒಳ್ಳೆಯದು ಅಂತ ಹೆಸರಾದ ಮೀನಿನ ಕೊಬ್ಬು. ಕೂಡಿಸಿದರೆ ನಾವು ದುಡ್ಡು ಕೊಡುವ ಒಮೇಗಾ-3 ಬರೀ 300 ಮಿಲಿಗ್ರಾಂ. ಮಿಕ್ಕಿದ್ದು ಮೀನಿನ ಬೇರೆ ಕೊಬ್ಬು.

ಈ ಎಣ್ಣೆಗೆ ಹೆಸರು ಬಂದಿದ್ದು ಸುಮ್ನೆ ಅಲ್ಲ. 1999ರಲ್ಲಿ ಇಟಲಿಯಲ್ಲಿ ಹಾರ್ಟ್ ಅಟ್ಯಾಕ್ ಆಗಿ ಬದುಕಿದ 11 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಯಲ್ಲಿ, ಒಮೇಗಾ-3 ತಗೊಂಡವರಲ್ಲಿ ಸಾವು ಕಡಿಮೆ ಆಗಿತ್ತು. ಆಗ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನುಂಗುವವರು ಈಗಿನಷ್ಟು ಇರಲಿಲ್ಲ ಅನ್ನುವುದನ್ನೂ ನೆನಪಿಡಬೇಕು. ಆಮೇಲೆ ಬ್ರಿಟನ್ನಿನ 'ಅಸೆಂಡ್' ಪರೀಕ್ಷೆ 2018ರಲ್ಲಿ ಹೊರಬಂತು. ಅದು ನಮ್ಮ ಯಜಮಾನರಂಥವರದ್ದೇ: 15,480 ಶುಗರ್ ಇರುವವರು, ಏಳು ವರ್ಷಕ್ಕೂ ಜಾಸ್ತಿ, ದಿನಕ್ಕೆ 840 ಮಿಲಿಗ್ರಾಂ ಒಮೇಗಾ-3. ನಮ್ಮ ಕ್ಯಾಪ್ಸೂಲಿನ ಮೂರು ಪಟ್ಟು ಹತ್ತಿರ, ಅಲ್ವಾ? ಹೋಲಿಕೆಗೆ ಅಂತ ಬರೀ ಆಲಿವ್ ಎಣ್ಣೆ ನುಂಗಿದವರಿಗೂ ಇವರಿಗೂ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಅಮೆರಿಕದ 'ವೈಟಲ್' ಪರೀಕ್ಷೆಯೂ ಹೆಚ್ಚುಕಡಿಮೆ ಇದನ್ನೇ ಹೇಳಿತು.

'ರೆಡ್ಯೂಸ್-ಇಟ್‌ನಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಥರದ್ದು 25 ಶೇಕಡಾ ಕಡಿಮೆ ಆಯ್ತಲ್ಲ' ಅಂತ ಮೈದುನ ಇನ್ನೊಂದು ಪರೀಕ್ಷೆಯ ಹೆಸರು ಹೇಳಿ ವಾದಕ್ಕೆ ಬಂದ. ಆಯ್ತು, ಸರಿ. ಆದರೆ ಅದು ಡಾಕ್ಟರ್ ಚೀಟಿಯ ಮೇಲೆ ಸಿಗುವ ಶುದ್ಧ ಇಪಿಎ, ದಿನಕ್ಕೆ 4 ಗ್ರಾಂ, ಸ್ಟ್ಯಾಟಿನ್ ತಗೊಂಡರೂ ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು ಇಳಿಯದವರಿಗೆ. ಎದುರು ಗುಂಪಿಗೆ ಕೊಟ್ಟಿದ್ದು ಮಿನರಲ್ ಆಯಿಲ್, ಅಂದರೆ ಪೆಟ್ರೋಲಿಯಂನಿಂದ ತೆಗೆದ ಎಣ್ಣೆ. ಅದರಿಂದಲೇ ಅವರ ಸ್ಥಿತಿ ಕೆಟ್ಟಿತೇನೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ. 2020ರ 'ಸ್ಟ್ರೆಂತ್' ಪರೀಕ್ಷೆಯಲ್ಲಿ ಇಪಿಎ, ಡಿಎಚ್‌ಎ ಎರಡೂ ಸೇರಿಸಿ 4 ಗ್ರಾಂ ಕೊಟ್ಟರು, ಎದುರಿಗೆ ಮೆಕ್ಕೆಜೋಳದ ಎಣ್ಣೆ. ಲಾಭ ಸಿಗಲಿಲ್ಲ. ಎರಡರಲ್ಲೂ ಎದೆಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಮಾತ್ರ ಜಾಸ್ತಿ ಕಂಡಿತು. ಹಾಗಾಗಿ ಮೂರು ನಾಲ್ಕು ಒಟ್ಟಿಗೆ ನುಂಗಿ ಸರಿಮಾಡಿಕೊಳ್ಳುತ್ತೇನೆ ಅನ್ನಬೇಡಿ.

ಮತ್ತೆ ತರಿಸುವುದಿಲ್ಲ. ಆ ದುಡ್ಡಿಗೆ ಬಂಗುಡೆ, ಬೂತಾಯಿ ಬರುತ್ತದೆ. ವಾರಕ್ಕೆ ಎರಡು ಸಲ ಮೀನು ತಿನ್ನಿ ಅಂತ ಅಮೆರಿಕನ್ ಹಾರ್ಟ್ ಅಸೋಸಿಯೇಶನ್ ಕೂಡ ಹೇಳುತ್ತದೆ. ಎಣ್ಣೆಯಲ್ಲಿ ಕರಿದಿದ್ದಲ್ಲ, ಪುಳಿಮುಂಚಿ ಮಾಡಿ. ಡಾಕ್ಟರ್ ಬರೆದುಕೊಟ್ಟು ತಗೊಳ್ಳುತ್ತಿರುವವರು ನನ್ನ ಮಾತು ಕೇಳಿ ನಿಲ್ಲಿಸಬೇಡಿ, ಅದು ಬೇರೆ ವಿಷಯ.