ಫುಕೆಟ್‌ಗೆ ಹೊರಟಿದ್ದೀರಾ? ಬೀಚಿನಲ್ಲಿ ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡಿ

ಥಾಯ್ಲೆಂಡಿನ ಫುಕೆಟ್ ದ್ವೀಪಕ್ಕೆ ಹೋಗುವ ಯೋಚನೆ ಇದ್ದರೆ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಪಟಾಂಗ್ ಬೀಚಿನಲ್ಲಿ ಜೆಟ್ ಸ್ಕೀ (ನೀರಿನ ಮೇಲೆ ಓಡುವ ಸ್ಕೂಟರ್‌ನಂಥ ಗಾಡಿ) ಬಾಡಿಗೆಗೆ ತಗೊಳ್ಳಬೇಡಿ. ಜೆಟ್ ಸ್ಕೀ ಇರಲಿ, ಸ್ಕೂಟರ್ ಇರಲಿ, ಯಾವುದಕ್ಕೂ ಪಾಸ್‌ಪೋರ್ಟ್ ಅಡ ಇಡಬೇಡಿ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟು ನೆನಪಿಟ್ಟುಕೊಂಡರೂ ಸಾಕು.

2024ರ ಜುಲೈನಲ್ಲಿ ಭಾರತೀಯರಿಗೆ 60 ದಿನ ವೀಸಾ ಇಲ್ಲದೆ ಇರಲು ಥಾಯ್ಲೆಂಡ್ ಅವಕಾಶ ಕೊಟ್ಟಿತು. (ಈ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್ ಮಾಡುವ ಮೊದಲು ಒಮ್ಮೆ ನೋಡಿಕೊಳ್ಳಿ.) ಆಮೇಲೆ ನಮ್ಮ ಕಡೆಯಿಂದ ಹೋಗುವವರು ತುಂಬಾ ಜಾಸ್ತಿಯಾಗಿದ್ದಾರೆ. ಹೊಸದಾಗಿ ಮದುವೆಯಾದವರು, ಆಫೀಸಿನ ಗುಂಪುಗಳು, ವಯಸ್ಸಾದ ಅಪ್ಪ ಅಮ್ಮನನ್ನು ಮೊದಲ ಸಲ ವಿಮಾನ ಹತ್ತಿಸಿಕೊಂಡು ಹೋಗುವ ಮಕ್ಕಳು. ನಾವೂ ಹಾಗೇ ಹೋದವರು. ನಾನು, ನಮ್ಮವರು, ಅಮ್ಮ, ತಮ್ಮ, ತಮ್ಮನ ಹೆಂಡತಿ.

ಊರು ಕೆಟ್ಟದ್ದು ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಫುಕೆಟ್ ನಿಜಕ್ಕೂ ಚೆಂದದ ಜಾಗ. ಹಳೆ ಪೇಟೆಯ ಬಣ್ಣಬಣ್ಣದ ಮನೆಗಳ ಬೀದಿಯಲ್ಲಿ ಅಮ್ಮ ಮಗುವಿನ ಹಾಗೆ ಓಡಾಡಿದರು. ಕಟಾ ಬೀಚಿನ ಸಂಜೆ ಇನ್ನೂ ಕಣ್ಣಲ್ಲಿದೆ. ಅಂಗಡಿಯವರು, ಹೋಟೆಲ್‌ನವರು ನಮ್ಮನ್ನು ಅಕ್ಕರೆಯಿಂದ ನೋಡಿಕೊಂಡರು. ಕೆಟ್ಟದ್ದೆಲ್ಲ ಆಗಿದ್ದು ಕೊನೆಯ ಮಧ್ಯಾಹ್ನ, ಪಟಾಂಗ್‌ನಲ್ಲಿ.

ಪಟಾಂಗ್ ಅಂದರೆ ದ್ವೀಪದ ಪಶ್ಚಿಮ ಕರಾವಳಿಯ ದೊಡ್ಡ ಗದ್ದಲದ ಬೀಚು. ಬಾಂಗ್ಲಾ ರಸ್ತೆ ಅಂತ ಎಲ್ಲರೂ ಹೇಳುವ ರಾತ್ರಿ ಪೇಟೆ ಇರುವುದು ಇಲ್ಲೇ. ಮರಳಿನ ಉದ್ದಕ್ಕೂ ಛತ್ರಿಗಳು, ನೀರಿನ ಅಂಚಿಗೆ ಜೆಟ್ ಸ್ಕೀಗಳ ಸಾಲು. ಅವನ್ನು ಬಾಡಿಗೆಗೆ ಕೊಡುವವರಿಗೆ ಭಾರತೀಯರ ಗುರುತು ಚೆನ್ನಾಗಿದೆ. "ನಮಸ್ತೆ ಭಾಯ್" ಅಂತಲೇ ಮಾತು ಶುರು. ಯಾವ ಊರು, ಯಾವ ಹೋಟೆಲ್, ಊಟ ಹಿಡಿಸಿತಾ, ವಾಪಸ್ ಯಾವಾಗ? ತಮ್ಮ "ನಾಳೆ ಬೆಳಿಗ್ಗೆ" ಅಂದ. ಆ ಪ್ರಶ್ನೆ ಯಾಕೆ ಬಂತು ಅನ್ನುವುದು ಸಂಜೆ ಗೊತ್ತಾಯಿತು. ಅದನ್ನು ಮುಂದೆ ಹೇಳುತ್ತೇನೆ.

ಅವರಲ್ಲೊಬ್ಬ ಅರ್ಧ ಗಂಟೆಗೆ 1,500 ಬಾತ್ (ಥಾಯ್ ಹಣ) ಅಂದ. ಡಿಪಾಸಿಟ್ ಬೇಡ, ಪಾಸ್‌ಪೋರ್ಟ್ ಇಟ್ಟರೆ ಸಾಕು, ವಾಪಸ್ ಬಂದ ತಕ್ಷಣ ಕೊಡುತ್ತೇನೆ ಅಂದ. ತಮ್ಮ ಕೊಟ್ಟ. ಥಾಯ್ ಭಾಷೆಯಲ್ಲಿದ್ದ ಒಂದು ಹಾಳೆಗೆ ಸಹಿ ಹಾಕಿಸಿಕೊಂಡ. ಗಾಡಿ ಆಗಲೇ ನೀರಿನಲ್ಲಿತ್ತು. ಹತ್ತಿ ಹೊರಡುವುದಷ್ಟೇ ಬಾಕಿ.

ತಮ್ಮ, ಅವನ ಹೆಂಡತಿ ಒಂದು ಸುತ್ತು ಹೋಗಿ ಬಂದರು. ಬಂಡೆ ಇಲ್ಲ, ಬೇರೆ ಗಾಡಿ ಹತ್ತಿರ ಸುಳಿದಿಲ್ಲ, ಎಲ್ಲಿಗೂ ತಾಗಿಲ್ಲ. ದಡದಲ್ಲಿ ಕೂತು ನಾವು ನೋಡುತ್ತಲೇ ಇದ್ದೆವು. ಇಳಿದ ಮೇಲೆ ಇಬ್ಬರು ಹುಡುಗರು ಬಂದು ಗಾಡಿಯನ್ನು ಚಕ್ರದ ಟ್ರಾಲಿಗೆ ಹಾಕಿ ಮರಳಿಗೆ ಎಳೆದರು. ಬಾಡಿಗೆಯವ ಬಗ್ಗಿ ನೋಡಿದ. ಮುಖ ಬದಲಾಯಿತು. ಗಾಡಿಯ ಹೊಟ್ಟೆಯ ಕೆಳಗೆ ಬೆರಳು ತೋರಿಸಿದ. ಅಲ್ಲಿ ಗೀರುಗಳಿದ್ದವು. "ನೀನು ಮಾಡಿದ್ದು. 45,000 ಬಾತ್."

ಒಂದು ಬಾತ್‌ಗೆ ಎರಡೂವರೆ ರೂಪಾಯಿ ಅಂತ ಹಿಡಿದರೂ ಅದು ಒಂದು ಲಕ್ಷದ ಮೇಲಾಯಿತು.

ನಮ್ಮವರದ್ದು ಗ್ಯಾರೇಜು. ಟಿಂಕರಿಂಗ್, ಪೇಂಟಿಂಗ್ ಎಲ್ಲ ಮಾಡಿಸಿ ಅನುಭವ ಇದೆ. ಮರಳಲ್ಲಿ ಮಂಡಿಯೂರಿ ಕೂತು ಆ ಗೀರಿನ ಮೇಲೆ ಬೆರಳಾಡಿಸಿದರು. ಉಗುರಿನಿಂದ ಕೆರೆದರು. ಉಗುರಿಗೆ ಕಪ್ಪು ಜಿಡ್ಡು ಬಂತು. ಫೈಬರ್ ಮೇಲೆ ಹೊಸದಾಗಿ ಗೀರು ಬಿದ್ದರೆ ಒಳಗೆ ಬೆಳ್ಳಗೆ ಪುಡಿ ಎದ್ದಿರುತ್ತದೆ, ಅಂಚು ಕೈಗೆ ಚುಚ್ಚುತ್ತದೆ ಅಂತ ಆಮೇಲೆ ನನಗೆ ಹೇಳಿದರು. ಇದರ ಅಂಚು ನುಣ್ಣಗೆ ಸವೆದಿತ್ತು. ಪಕ್ಕದಲ್ಲೇ ಇನ್ನೊಂದು ಗೀರಿಗೆ ಪುಟ್ಟಿ ತುಂಬಿ ಮೇಲೆ ಬಿಳಿ ಬಣ್ಣ ಬಳಿದಿದ್ದರು, ಅದು ನೀರಿಗೆ ಅರ್ಧ ಎದ್ದು ಬಂದಿತ್ತು. ಅಂದರೆ ಹಳೆ ಏಟು. ಇನ್ನೂ ಎಷ್ಟು ಜನರ ಹತ್ತಿರ ಇದೇ ಗೀರಿಗೆ ದುಡ್ಡು ವಸೂಲಿ ಮಾಡಿದ್ದಾರೋ.

ನಮ್ಮವರು ಫೋಟೋ ತೆಗೆಯಲು ಹೋದಾಗ ಒಬ್ಬ ಫೋನಿಗೆ ಕೈ ಹಾಕಿದ. ಅಷ್ಟರಲ್ಲಿ ಎಲ್ಲಿದ್ದರೋ, ಐದಾರು ಜನ ಸುತ್ತ ನಿಂತಿದ್ದರು. ಯಾರೂ ಹೊಡೆಯಲಿಲ್ಲ. ಹೊಡೆಯುವ ಅಗತ್ಯವೇ ಇರಲಿಲ್ಲ. ಸುಮ್ನೆ ಹತ್ತಿರ ಹತ್ತಿರ ಬಂದು ನಿಂತರು, ದನಿ ಏರಿಸಿದರು. ಅಮ್ಮ ಅಳಲು ಶುರು ಮಾಡಿದರು. ಬಿಪಿ ಇರುವವರು, ಕೈ ನಡುಗುತ್ತಿತ್ತು. "ಅಕ್ಕ, ಅಮ್ಮನ್ನ ರೂಮಿಗೆ ಕರ್ಕೊಂಡು ಹೋಗು" ಅಂದ ತಮ್ಮ. ಆಮೇಲೆ ನಮ್ಮವರ ಕಡೆ ತಿರುಗಿ, "ಭಾವ, ಏನೋ ಒಂದು ಕೊಟ್ಟು ಹೊರಡೋಣ. ಪಾಸ್‌ಪೋರ್ಟ್ ಅವನ ಹತ್ರ ಇದೆ" ಅಂದ.

ಇಡೀ ಜಗಳದ ಜೀವ ಇರುವುದು ಆ ಕೊನೆಯ ಮಾತಿನಲ್ಲೇ. ಗೀರು ಬರೀ ನೆಪ. ಗೀರು ಹಳೆಯದು ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ಆದರೆ ಪಾಸ್‌ಪೋರ್ಟ್ ಅವರ ಜೇಬಿನಲ್ಲಿ, ವಿಮಾನ ಬೆಳಿಗ್ಗೆಗೆ. "ವಾಪಸ್ ಯಾವಾಗ" ಅಂತ ನಗುನಗುತ್ತಾ ಕೇಳಿದ್ದು ಇದಕ್ಕೇ. ಮರುದಿನ ಹೊರಡುವವನು ಠಾಣೆ, ದೂರು ಅಂತ ಅಲೆಯುವುದಿಲ್ಲ. ಇನ್ನೊಂದು ವಾರ ಇರುವವನಾದರೆ ನಿಂತು ವಾದ ಮಾಡಿಯಾನು. ಅದಕ್ಕೇ ಹೇಳುವುದು, ನಿಮ್ಮ ವಿಮಾನದ ದಿನವನ್ನು ಬೀಚಿನಲ್ಲಿ ಯಾರಿಗೂ ಹೇಳಬೇಡಿ.

ನಮ್ಮವರು 1155ಕ್ಕೆ ಫೋನ್ ಮಾಡಿದರು. ಅದು ಥಾಯ್ಲೆಂಡಿನ ಪ್ರವಾಸಿ ಪೊಲೀಸರ ನಂಬರು, ಇಂಗ್ಲಿಷ್ ಮಾತಾಡುವವರು ಸಿಗುತ್ತಾರೆ. ಸ್ಪೀಕರ್‌ಗೆ ಹಾಕಿದರು. ಆ ಕಡೆಯಿಂದ "ಟೂರಿಸ್ಟ್ ಪೊಲೀಸ್" ಅನ್ನುವ ದನಿ ಕೇಳಿದ್ದೇ ತಡ, ಯಾರೂ ಕೇಳದೆಯೇ 45,000 ಇದ್ದದ್ದು 20,000ಕ್ಕೆ ಇಳಿಯಿತು. ನಿಜವಾದ ನಷ್ಟ ಆಗಿದ್ದರೆ ಒಂದು ಫೋನಿಗೆ ಅರ್ಧಕ್ಕಿಂತ ಜಾಸ್ತಿ ಕರಗುತ್ತಿತ್ತಾ?

ಕೊನೆಗೆ 12,000 ಬಾತ್‌ಗೆ ಮುಗಿಯಿತು. ಕತ್ತಲಾಗುತ್ತಿತ್ತು, ಅಮ್ಮನ ಸ್ಥಿತಿ ನೋಡಲು ಆಗುತ್ತಿರಲಿಲ್ಲ. ಅವರಲ್ಲೊಬ್ಬ ಎಟಿಎಂವರೆಗೂ ತಮ್ಮನ ಪಕ್ಕದಲ್ಲೇ ನಡೆದು ಬಂದ. ದುಡ್ಡು ಎಣಿಸಿಕೊಂಡು ಪಾಸ್‌ಪೋರ್ಟ್ ಕೈಗೆ ಕೊಟ್ಟ. ರಸೀದಿ ಇಲ್ಲ. ನಗದು ಕೊಟ್ಟಿದ್ದರಿಂದ ಬ್ಯಾಂಕಿನ ಹತ್ತಿರ ತಕರಾರು ಹೇಳುವ ದಾರಿಯೂ ಇಲ್ಲ. ಸುಮಾರು ಮೂವತ್ತು ಸಾವಿರ ರೂಪಾಯಿ. ತಮ್ಮ ತಿಂಗಳುಗಟ್ಟಲೆ ಕೂಡಿಟ್ಟ ಹಣ ಅದು. ನನಗೆ ಸಿಟ್ಟು ಇನ್ನೂ ಆರಿಲ್ಲ.

ಊರಿಗೆ ಬಂದ ಮೇಲೆ ಹುಡುಕಿ ಓದಿದಾಗ ಗೊತ್ತಾಗಿದ್ದು, ಇದು ತುಂಬಾ ಹಳೆ ದಂಧೆ. 2009ರಲ್ಲೇ ಫುಕೆಟ್‌ನ ಒಬ್ಬ ಜೆಟ್ ಸ್ಕೀ ಬಾಡಿಗೆಯವ ಬ್ರಿಟಿಷ್ ಮರೀನ್ ಸೈನಿಕರನ್ನು ಹೆದರಿಸಿ ದುಡ್ಡು ಕೇಳಿದ್ದು ಬ್ರಿಟನ್ನಿನ ಟಿವಿಯಲ್ಲಿ ಬಂದು ದೊಡ್ಡ ಗಲಾಟೆಯಾಗಿತ್ತು. ತರಬೇತಿ ಪಡೆದ ಸೈನಿಕರನ್ನೇ ಬಿಡದವರು ನಮ್ಮಂಥ ಸಂಸಾರಸ್ಥರನ್ನು ಬಿಡುತ್ತಾರಾ? ಅದೇ ವರ್ಷ ಅಲ್ಲಿ ಜೆಟ್ ಸ್ಕೀಗಳಿಗೆ ವಿಮೆ ಮಾಡಿಸುವ ಏರ್ಪಾಡೂ ಬಂತು. ನಾವು ವಿಮೆ ಕೇಳಿದಾಗ ನಮ್ಮ ಬಾಡಿಗೆಯವ "ಇದಕ್ಕೆ ಬರಲ್ಲ" ಅಂತ ಒಂದೇ ಮಾತಲ್ಲಿ ತಳ್ಳಿಹಾಕಿದ್ದ. ಬ್ರಿಟನ್, ಆಸ್ಟ್ರೇಲಿಯಾ ಸರ್ಕಾರಗಳು ಥಾಯ್ಲೆಂಡಿಗೆ ಹೋಗುವ ತಮ್ಮ ಜನರಿಗೆ ಕೊಡುವ ಸಲಹೆಯಲ್ಲಿ ಜೆಟ್ ಸ್ಕೀ ತಂಟೆಯ ವಿಷಯವನ್ನೂ, ಪಾಸ್‌ಪೋರ್ಟ್ ಅಡ ಇಡಬೇಡಿ ಅನ್ನುವುದನ್ನೂ ಬಿಡಿಸಿ ಬರೆದಿವೆ. ನಮ್ಮ ಪ್ಯಾಕೇಜಿನ ಏಜೆಂಟ್ ಮಾತ್ರ ಒಂದು ಮಾತೂ ಹೇಳಲಿಲ್ಲ. ನಿಮ್ಮ ಏಜೆಂಟ್ ಹೇಳದಿದ್ದರೆ ನೀವೇ ಕೇಳಿ.

ಟ್ರಾವೆಲ್ ಇನ್ಶೂರೆನ್ಸ್ ಇದೆಯಲ್ಲ ಅಂತ ಅಂದುಕೊಳ್ಳಬೇಡಿ. ನಮ್ಮ ಪಾಲಿಸಿ ತೆಗೆದು ಓದಿದರೆ ಬಾಡಿಗೆ ವಾಹನ, ನೀರಿನ ವಾಹನದಿಂದ ಆದ ನಷ್ಟವನ್ನು ಪೂರ್ತಿ ಹೊರಗಿಟ್ಟಿದ್ದರು. ಸಣ್ಣ ಅಕ್ಷರದಲ್ಲಿರುವ ಆ ಪುಟವನ್ನು ಹೊರಡುವ ಮೊದಲೇ ಓದಿ.

ಪಾಸ್‌ಪೋರ್ಟ್ ವಿಷಯ ಇನ್ನೊಂದಿಷ್ಟು ಹೇಳಲೇಬೇಕು. ಅದು ನಮ್ಮ ಹೆಸರಿನಲ್ಲಿದ್ದರೂ ನಮ್ಮ ಸ್ವಂತದ್ದಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅದು ಕೇಂದ್ರ ಸರ್ಕಾರದ ಆಸ್ತಿ. ಇನ್ನೊಬ್ಬರ ಹತ್ತಿರ ಒತ್ತೆ ಇಡುವ ವಸ್ತುವೇ ಅಲ್ಲ. ಹೋಟೆಲ್‌ನವರು ಕೇಳುತ್ತಾರೆ, ಅದು ಸರಿ. ನೋಡಿ, ಕಾಪಿ ತೆಗೆದು ನಿಮ್ಮ ಕಣ್ಣೆದುರೇ ವಾಪಸ್ ಕೊಡುತ್ತಾರೆ. ಬೀಚಿನಲ್ಲೋ ರಸ್ತೆಯಲ್ಲೋ ಯಾರಾದರೂ ಕೇಳಿದರೆ ಜೆರಾಕ್ಸ್ ಕೊಡಿ, ಇಲ್ಲವೇ ನಗದು ಡಿಪಾಸಿಟ್ ಕೊಡುತ್ತೇನೆ ಅನ್ನಿ. ಒಪ್ಪದಿದ್ದರೆ ಅಲ್ಲಿಂದ ನಡೆದುಬಿಡಿ. ಅಸಲಿಯನ್ನು ಹೋಟೆಲ್ ರೂಮಿನ ಲಾಕರ್‌ನಲ್ಲಿಡಿ.

ಸ್ಕೂಟರ್‌ಗೂ ಇದೇ ಮಾತು. ಫುಕೆಟ್ ಗುಡ್ಡಗಾಡು ದ್ವೀಪ, ಪಟಾಂಗ್‌ಗೆ ಇಳಿಯುವ ರಸ್ತೆ ತಿರುವು ತಿರುವಾಗಿ ಕಡಿದಾಗಿದೆ. ಮಳೆ ಬಿದ್ದರೆ ಜಾರುತ್ತದೆ. ನಮ್ಮ ಡಿಎಲ್ ತೋರಿಸಿದರೆ ಬಾಡಿಗೆಯವರು ಗಾಡಿ ಕೊಟ್ಟುಬಿಡುತ್ತಾರೆ. ಅವರಿಗೆ ಬೇಕಾದದ್ದು ಬಾಡಿಗೆ. ಪೊಲೀಸರು ಹಿಡಿದಾಗ, ಬಿದ್ದು ಆಸ್ಪತ್ರೆ ಸೇರಿದಾಗ ಕೇಳುವುದು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್. ಅದನ್ನು ಇಲ್ಲೇ ನಮ್ಮ ಆರ್‌ಟಿಒದಲ್ಲಿ ಮಾಡಿಸಿಕೊಳ್ಳಬಹುದು, ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ದ್ವಿಚಕ್ರ ವಾಹನದ ಕಾಲಂನಲ್ಲಿ ಸೀಲ್ ಬಿದ್ದಿದೆಯಾ ಅಂತ ನೋಡಿಕೊಳ್ಳಿ. ಅದಿಲ್ಲದೆ ಅಪಘಾತವಾದರೆ ಇನ್ಶೂರೆನ್ಸ್‌ನವರು ಕೈ ಎತ್ತಬಹುದು. ಗಾಡಿ ತಗೊಳ್ಳುವಾಗ ಬಾಡಿಗೆಯವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಸುತ್ತಲೂ ವಿಡಿಯೋ ಮಾಡಿ. ಸ್ಕೂಟರ್ ನೆಲದ ಮೇಲಿರುತ್ತದೆ, ಎಲ್ಲ ಕಡೆ ಕಾಣಿಸುತ್ತದೆ. ಜೆಟ್ ಸ್ಕೀ ಹೊಟ್ಟೆ ನೀರಿನೊಳಗಿರುತ್ತದೆ, ವಿಡಿಯೋಗೂ ಸಿಗುವುದಿಲ್ಲ. ಅದಕ್ಕೇ ಜೆಟ್ ಸ್ಕೀಗೆ ಎಚ್ಚರಿಕೆ ಸಾಲದು, ಬೇಡವೇ ಬೇಡ ಅನ್ನುತ್ತಿದ್ದೇನೆ.

ಇನ್ನೊಂದು ವಿಷಯ ದುಡ್ಡಿಗಿಂತ ದೊಡ್ಡದು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಪ್ಯಾಕೇಜು ಅಗ್ಗವಾಗಿ ಸಿಗುತ್ತದೆ. ನಮ್ಮ ಕಾರವಾರ, ಮಲ್ಪೆಯ ಕಡಲನ್ನು ಕದಡುವ ಅದೇ ನೈಋತ್ಯ ಮುಂಗಾರು ಅಲ್ಲಿಯ ಪಶ್ಚಿಮ ಕರಾವಳಿಯನ್ನೂ ಹೊಡೆಯುತ್ತದೆ. ಪಟಾಂಗ್, ಕರೋನ್, ಕಟಾ ಎಲ್ಲ ಆ ಕಡೆಯ ಬೀಚುಗಳೇ. ಕೆಂಪು ಬಾವುಟ ನೆಟ್ಟಿದ್ದರೆ ಮೊಣಕಾಲಿನಷ್ಟು ನೀರಿಗೂ ಇಳಿಯಬೇಡಿ. ಅಲೆ ಚಿಕ್ಕದಾಗಿ ಕಂಡರೂ ಕೆಳಗಿನ ಸೆಳೆತ ಒಳಗೆ ಎಳೆದುಕೊಂಡು ಹೋಗುತ್ತದೆ. ಒಂದು ವೇಳೆ ಸಿಕ್ಕಿಬಿದ್ದರೆ ದಡದ ಕಡೆಗೇ ಈಜಿ ಸುಸ್ತಾಗಬೇಡಿ, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಆಚೆ ಬನ್ನಿ.

ಮಲ್ಪೆಯಲ್ಲಿ ಮಳೆಗಾಲ ಬಂದರೆ ಸೇಂಟ್ ಮೇರೀಸ್ ದ್ವೀಪದ ಬೋಟು ನಿಲ್ಲಿಸಿಬಿಡುತ್ತಾರೆ. ಫುಕೆಟ್‌ನಿಂದ ಫಿಫಿ ದ್ವೀಪಕ್ಕೆ ಮಳೆಗಾಲದಲ್ಲೂ ಬೋಟುಗಳು ಓಡುತ್ತವೆ. 2018ರ ಜುಲೈ 5ರಂದು ಪ್ರವಾಸಿಗರನ್ನು ತುಂಬಿಕೊಂಡಿದ್ದ ಫೀನಿಕ್ಸ್ ಅನ್ನುವ ಬೋಟು ಬಿರುಗಾಳಿಗೆ ಸಿಕ್ಕಿ ಫುಕೆಟ್ ಹತ್ತಿರ ಮುಳುಗಿತು. ಚೀನಾದಿಂದ ಬಂದಿದ್ದ 47 ಪ್ರವಾಸಿಗರು ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಮೋಡ ಕವಿದಿದ್ದರೆ, ಗಾಳಿ ಜೋರಿದ್ದರೆ, ಕಟ್ಟಿದ ದುಡ್ಡು ಹೋದರೂ ಹೋಗಲಿ, ಹತ್ತಬೇಡಿ. ಲೈಫ್ ಜಾಕೆಟ್ ಇಲ್ಲದ ಬೋಟಿಗಂತೂ ಕಾಲೇ ಇಡಬೇಡಿ.

ಈಗಾಗಲೇ ಜೆಟ್ ಸ್ಕೀಯವರ ಕೈಗೆ ಸಿಕ್ಕಿ ಒದ್ದಾಡುತ್ತಾ ಇದನ್ನು ಓದುತ್ತಿರುವವರು ಯಾರಾದರೂ ಇದ್ದರೆ, ಮೊದಲು ದನಿ ಎತ್ತಬೇಡಿ, ಕೈ ಎತ್ತಲೇಬೇಡಿ. ಹಿರಿಯರು, ಮಕ್ಕಳಿದ್ದರೆ ಒಬ್ಬರ ಜೊತೆ ಹೋಟೆಲ್‌ಗೆ ಕಳಿಸಿ. ಅರ್ಥವಾಗದ ಯಾವ ಕಾಗದಕ್ಕೂ ಸಹಿ ಬೇಡ. ಗಾಡಿಯ ನಂಬರು ಕಾಣುವ ಹಾಗೆ ದೂರದಿಂದಲಾದರೂ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಅವರೇ ಕರೆಸಿದ "ಪರಿಚಯದ ಸಾಹೇಬರ" ರಾಜಿಗೆ ಒಪ್ಪುವ ಮುಂಚೆ 1155ಕ್ಕೆ ನೀವೇ ಫೋನ್ ಮಾಡಿ, ಸ್ಪೀಕರ್ ಹಾಕಿ. ಹೋಟೆಲ್ ರಿಸೆಪ್ಷನ್‌ಗೂ ಫೋನ್ ಮಾಡಿ, ಥಾಯ್ ಮಾತಾಡುವವರು ನಿಮ್ಮ ಕಡೆ ಒಬ್ಬರಾದರೂ ಇರಲಿ. ದುಡ್ಡು ಕೊಡಲೇಬೇಕಾಗಿ ಬಂದರೆ ಪೊಲೀಸರ ಎದುರಿಗೆ ಕೊಟ್ಟು ರಸೀದಿ ಕೇಳಿ. ಪಾಸ್‌ಪೋರ್ಟ್ ಕೊಡುವುದೇ ಇಲ್ಲ ಅಂತ ಹಟ ಹಿಡಿದರೆ ಪೊಲೀಸರಲ್ಲಿ ಲಿಖಿತ ದೂರು ಕೊಟ್ಟು ಬ್ಯಾಂಕಾಕ್‌ನಲ್ಲಿರುವ ನಮ್ಮ ರಾಯಭಾರ ಕಚೇರಿಗೆ ತಿಳಿಸಿ. ಪಾಸ್‌ಪೋರ್ಟ್ ಇಲ್ಲದವರಿಗೆ ಊರಿಗೆ ವಾಪಸಾಗಲು ಅವರು ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಅದಕ್ಕೆ ಪಾಸ್‌ಪೋರ್ಟಿನ ಮೊದಲ ಪುಟ, ಕೊನೆಯ ಪುಟದ ಕಾಪಿ ಮತ್ತು ಒಂದೆರಡು ಫೋಟೋ ಇದ್ದರೆ ಕೆಲಸ ಸಲೀಸು. ಹೊರಡುವ ಹಿಂದಿನ ದಿನವೇ ಅವನ್ನು ಫೋನಿನಲ್ಲೂ, ಮನೆಯಲ್ಲಿ ಉಳಿಯುವವರ ಹತ್ತಿರವೂ ಇಟ್ಟಿರಿ.