ಹಿಟ್ಟಿನ ಗಿರಣಿ ಮೇಲಿನ ಲೈಫ್ ಕೋಚ್: ಐದು ಸಲ ಹೋಗಿ ಬಂದವನ ಮಾತು

ನಾನು ಬಳ್ಳಾರಿಯಲ್ಲಿ ಹದಿನಾಲ್ಕು ಮಷಿನ್ನಿನ ಜೀನ್ಸ್ ಯುನಿಟ್ ಇಟ್ಟುಕೊಂಡವನು. ಕೋಚಿಂಗ್ ಅಂದರೆ ನನಗೆ ಗೊತ್ತಿದ್ದದ್ದು ಪಿಯುಸಿ ಹುಡುಗರ ಟ್ಯೂಷನ್ನು, ಇಲ್ಲವೇ ಪಿಎಸ್‌ಐ ಪರೀಕ್ಷೆ ತಯಾರಿ. ಗಾಂಧಿನಗರದ ಕಡೆ ಒಂದು ಬೋರ್ಡ್ ನೋಡಿ, ಬದುಕೋದಕ್ಕೂ ಟ್ಯೂಷನ್ನಾ ಅಂತ ನಕ್ಕಿದ್ದೆ. 'ಸಮಗ್ರ ಆಪ್ತಸಮಾಲೋಚನೆ ಮತ್ತು ಲೈಫ್ ಕೋಚಿಂಗ್' ಅಂತ ದೊಡ್ಡ ಅಕ್ಷರ. ಅದರ ಕೆಳಗೆ ಸಣ್ಣಗೆ, 'ಇಲ್ಲಿ ಡಾಕ್ಟರಿಲ್ಲ, ಮಾತ್ರೆ ಬರೆಯುವುದಿಲ್ಲ.' ಆ ಸಣ್ಣ ಸಾಲು ಮಾತ್ರ ಹಿಡಿಸಿತ್ತು.

ಆರು ತಿಂಗಳಿಂದ ರಾತ್ರಿ ಮೂರಕ್ಕೆ ಎಚ್ಚರ. ಎದ್ದು ಕೂತು ಫ್ಯಾನ್ ನೋಡುವುದು. ಆರ್ಡರ್ ಕಮ್ಮಿ, ವಾಷಿಂಗ್‌ನವನ ಬಾಕಿ, ಬಡ್ಡಿ, ಎಲ್ಲಾ ಇತ್ತು. ಕೊನೆಗೆ ನನ್ನ ಹೆಂಡತಿಯೇ ಫೋನ್ ಮಾಡಿ ಟೈಮ್ ತಗೊಂಡಳು. "ಒಂದ್ಸಲ ಹೋಗಿ ಬರ್ರಿ, ನಿಮ್ಮ ಜೀನ್ಸ್ ಎಲ್ಲೂ ಓಡಿ ಹೋಗಲ್ಲ" ಅಂದಳು.

ಜಾಗ ಮೊದಲ ಮಹಡಿ, ಕೆಳಗೆ ಹಿಟ್ಟಿನ ಗಿರಣಿ. ಮೆಟ್ಟಿಲು ಕಡಿದು, ಮಂಡಿ ನೋವಿನವರಿಗೆ ಆಗಲ್ಲ. ಗಿರಣಿ ಶುರುವಾದರೆ ಕುರ್ಚಿ ಸಣ್ಣಗೆ ನಡುಗುತ್ತದೆ. ಒಂದು ಸಲಕ್ಕೆ 600 ರೂಪಾಯಿ, ಐವತ್ತು ನಿಮಿಷ. ಗೋಡೆ ಮೇಲೆ ಏಳು ಚಕ್ರದ ಪಟ, ಕಿಟಕಿಯಲ್ಲಿ ಬಣ್ಣಬಣ್ಣದ ಕಲ್ಲು, ಊದುಬತ್ತಿ. ಇವು ನನಗೆ ಸೇರಲಿಲ್ಲ, ಈಗಲೂ ಸೇರಿಲ್ಲ. ಕೇಳಿದ್ದಕ್ಕೆ ಮೇಡಂ, "ಕೆಲವರಿಗೆ ಅದು ಕಂಡರೆ ಸಮಾಧಾನ, ಅದಕ್ಕೆ ದುಡ್ಡು ತಗೊಳ್ಳಲ್ಲ" ಅಂದರು. ಆಗಲಿ.

ಮೊದಲ ದಿನ ನನ್ನ ಸಾಲದ ಮಾತೇ ಎತ್ತಲಿಲ್ಲ. ದಿನಕ್ಕೆ ಎಷ್ಟು ಚಹಾ? ಊಟ ಎಷ್ಟೊತ್ತಿಗೆ? ಕೊನೆ ಸಲ ಯಾರ ಜೊತೆ ನಕ್ಕಿದ್ದು? ಚಹಾ ಎಣಿಸಿದೆ, ಹನ್ನೊಂದು. ನನಗೇ ನಾಚಿಕೆಯಾಯಿತು. ಸಮಗ್ರ ಅಂದರೆ ಇದು ಅಂತ ಆಮೇಲೆ ತಿಳಿಯಿತು: ಹೊಟ್ಟೆ, ನಿದ್ದೆ, ಮನೆ, ಮನಸ್ಸು ಎಲ್ಲಾ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯುವುದು. ಸಂಜೆ ಐದರ ಮೇಲೆ ಚಹಾ ಬಂದ್. ಒಂದು ನೂರು ಪುಟದ ನೋಟ್‌ಬುಕ್ ಕೊಟ್ಟು, ಮೂರಕ್ಕೆ ಎದ್ದಾಗ ತಲೆಯಲ್ಲಿ ಮೊದಲು ಬಂದದ್ದನ್ನು ಒಂದೇ ಸಾಲು ಬರಿಯಿರಿ ಅಂದರು.

ಮೂರನೇ ಸಲ ಹೋದಾಗ ಅದನ್ನು ತಗೊಂಡು ಜೋರಾಗಿ ಓದಿದರು. ಒಂಬತ್ತು ಸಾಲು. ಬ್ಯಾಂಕಿನದು ಎರಡು, ವಾಷಿಂಗ್‌ನವನದು ಒಂದು. ಉಳಿದ ಆರೂ ನಮ್ಮ ಕಟಿಂಗ್ ಮಾಸ್ಟರ್‌ದು. ಯುನಿಟ್‌ನಲ್ಲಿ ಎಲ್ಲರೂ ಚಾಚಾ ಅನ್ನುತ್ತಿದ್ದ ಮನುಷ್ಯ, ಹದಿನಾರು ವರ್ಷ ನನ್ನ ಜೊತೆಗಿದ್ದವನು. ವಾಷ್ ಆಗಿ ಬಂದ 120 ಪೀಸ್ ಸೊಂಟದಲ್ಲಿ ಬಿಗಿಯಾಗಿದ್ದವು. ಡೆನಿಮ್ ವಾಷ್‌ನಲ್ಲಿ ಕುಗ್ಗುತ್ತದೆ, ಅಷ್ಟು ಜಾಸ್ತಿ ಬಿಟ್ಟೇ ಕತ್ತರಿಸಬೇಕು. ಹುಡುಗರ ಮುಂದೆ ಬಾಯಿಗೆ ಬಂದ ಹಾಗೆ ಬೈದೆ. ಅವನು ಕತ್ತರಿ ಟೇಬಲ್ ಮೇಲಿಟ್ಟು ಹೋದ. ನಿಜ ಏನೆಂದರೆ, ಅಗ್ಗಕ್ಕೆ ಸಿಕ್ಕಿತು ಅಂತ ಬೇರೆ ಬೇರೆ ಲಾಟಿನ ಥಾನುಗಳನ್ನು ಸೇರಿಸಿ ತಂದವನು ನಾನು. ಒಂದೊಂದು ಒಂದೊಂದು ಥರ ಕುಗ್ಗಿದರೆ ಮಾಸ್ಟರ್ ಏನು ಮಾಡ್ತಾನೆ?

ಮೇಡಂ ಓದಿ ಮುಗಿಸಿ ಸುಮ್ಮನೆ ಕೂತರು. ಫೋನ್ ಮಾಡಿ ಅನ್ನಲಿಲ್ಲ, ತಪ್ಪು ನಿಮ್ಮದು ಅನ್ನಲಿಲ್ಲ. ಅದೇ ಹೊತ್ತಿಗೆ ಕೆಳಗೆ ಮೆಣಸಿನಕಾಯಿ ಹಾಕಿದರು ನೋಡ್ರಿ, ಇಬ್ಬರಿಗೂ ಕೆಮ್ಮು, ಸೀನು, ಕಣ್ಣಲ್ಲಿ ನೀರು. ನನ್ನದು ಖಾರಕ್ಕೆ ಬಂದದ್ದೋ ಮಾಸ್ಟರ್‌ಗೆ ಬಂದದ್ದೋ ನಾನೂ ಹೇಳಲಾರೆ. ಅವರು ನೀರಿನ ಲೋಟ ನನ್ನ ಕಡೆ ಸರಿಸಿದರು, ಅಷ್ಟೇ. ಆ ಭಾನುವಾರ ಕೌಲ್‌ಬಜಾರಿನ ಮಾಸ್ಟರ್ ಮನೆಗೆ ಹೋಗಿದ್ದೆ. ಅಲ್ಲಿ ಆದ ಮಾತು ಇಲ್ಲಿ ಬೇಡ.

ನಾಲ್ಕನೇ ಸಲ ನಾನೇ ಕೇಳಿದೆ, ಈ ಕೆಲಸಕ್ಕೆ ಹೇಗೆ ಬಂದಿರಿ ಅಂತ. ಹತ್ತೊಂಬತ್ತು ವರ್ಷ ಬ್ಯಾಂಕ್ ಕೌಂಟರಿನಲ್ಲಿದ್ದರಂತೆ. ಪಕ್ಕದ ಕೌಂಟರ್ ಖಾಲಿ ಇದ್ದರೂ ಪಿಂಚಣಿಯ ಮುದುಕ ಮುದುಕಿಯರು ಇವರ ಸಾಲಿನಲ್ಲೇ ನಿಲ್ಲೋರು. ಪಾಸ್‌ಬುಕ್ ಎಂಟ್ರಿಗೆ ಎರಡು ನಿಮಿಷ, ಸೊಸೆ ಸುದ್ದಿಗೆ ಹತ್ತು ನಿಮಿಷ. ಮ್ಯಾನೇಜರ್ ಕೈಲಿ ಬೈಸಿಕೊಂಡೂ ಕೇಳಿದ್ದಾರೆ. ಹಾಗೆ ಇದೇ ನನ್ನ ಕೆಲಸ ಅನ್ನಿಸಿ, ಯಾವುದೋ ಹೋಟೆಲ್ ಹಾಲಿನಲ್ಲಿ ಎರಡು ದಿನದ ಕೋರ್ಸಿಗೆ 25,000 ಕಟ್ಟಿ 'ಸರ್ಟಿಫೈಡ್ ಲೈಫ್ ಕೋಚ್' ಆದರು. ಮೊದಲು ಬಂದ ಹೆಣ್ಣುಮಗಳು ಅತ್ತಳು. ಇವರು ಗಾಬರಿಯಾಗಿ ನಲವತ್ತು ನಿಮಿಷ ಬುದ್ಧಿ ಹೇಳಿದರು. ಆಕೆ ಮತ್ತೆ ಬರಲಿಲ್ಲ. "ಕೌಂಟರಿನಲ್ಲಿ ಬರುತ್ತಿದ್ದ ವಿದ್ಯೆ ಸರ್ಟಿಫಿಕೇಟ್ ಬಂದ ಮೇಲೆ ಹೋಯ್ತು" ಅಂದರು. ಆಮೇಲೆ ವಿಆರ್‌ಎಸ್, ಇಗ್ನೋದಿಂದ ಸೈಕಾಲಜಿ ಎಂ.ಎ. ಆ ಎರಡು ದಿನದ ಸರ್ಟಿಫಿಕೇಟ್ ಡ್ರಾಯರಿನಲ್ಲಿದೆ, ಕೇಳಿದರೆ ಬಂಗಾರದ ಸೀಲ್ ಸಮೇತ ತೋರಿಸಿ ನಗುತ್ತಾರೆ.

ನಮ್ಮ ದೇಶದಲ್ಲಿ ಲೈಫ್ ಕೋಚ್ ಅಂತ ಬೋರ್ಡ್ ಹಾಕಲು ಯಾವ ಲೈಸೆನ್ಸೂ ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ರಿಹ್ಯಾಬಿಲಿಟೇಶನ್ ಕೌನ್ಸಿಲ್‌ನಲ್ಲಿ ನೋಂದಣಿ ಬೇಕು. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ ತನ್ನ ಮೊದಲ ಹಂತದ ಮಾನ್ಯತೆಗೇ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಕೇಳುತ್ತದೆ. ಪ್ಯಾಂಟಿನ ಕಾಲು ಹೊಲಿಯುವ ಫೀಡಾಫ್ ಮಷಿನ್ ಮೇಲೆ ಕೂರುವ ಹುಡುಗನಿಗೇ ನಾನು ಎರಡು ದಿನಕ್ಕೆ ಪ್ಯಾಂಟ್ ಕೊಡಲ್ಲ. ಆದ್ದರಿಂದ ಎಲ್ಲಿಗೆ ಹೋದರೂ ಏನು ಓದಿದ್ದೀರಿ ಅಂತ ಕೇಳಿ, ಸಂಕೋಚ ಬೇಡ.

ನಾನು ಸ್ಟಾರ್ ಕೊಡುವುದು ಇದಕ್ಕೆ. ನನ್ನ ಅಕ್ಕನ ಮಗನಿಗೆ ಗೋಡೆಯಾಚೆ ಯಾರೋ ತನ್ನ ಬಗ್ಗೆ ಮಾತಾಡುತ್ತಿದ್ದಾರೆ ಅಂತ ಕೇಳಿಸುತ್ತಿತ್ತು. ಇವರ ಹತ್ತಿರವೇ ಕರಕೊಂಡು ಹೋದೆವು. ಹದಿನೈದು ನಿಮಿಷ ಮಾತಾಡಿಸಿ, ನಮ್ಮನ್ನು ಒಳಗೆ ಕರೆದು, "ಇದು ನನ್ನ ಕೆಲಸ ಅಲ್ರಿ. ನಾಳೆ ಬೆಳಿಗ್ಗೆನೇ ವಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗ್ರಿ. ತಾಯತ, ಹರಕೆ ಎಲ್ಲಾ ಆಮೇಲೆ" ಅಂದರು. ಫೀಸು ಮುಟ್ಟಲಿಲ್ಲ. ರಾತ್ರಿ ಹೆಚ್ಚುಕಮ್ಮಿ ಆದರೆ ಅಂತ ಟೆಲಿ ಮಾನಸ್ ಸಹಾಯವಾಣಿಯ 14416 ಬರೆದು ಕೊಟ್ಟರು. ಅದು ಸರ್ಕಾರದ್ದು, 2022ರಿಂದ ಇದೆ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಹುಡುಗ ಈಗ ಮಾತ್ರೆ ತಗೊಳ್ಳುತ್ತಿದ್ದಾನೆ, ಕಾಲೇಜಿಗೂ ಹೋಗುತ್ತಿದ್ದಾನೆ.

ಮನೋರೋಗ ಅಂದಾಗ ಅಕ್ಕ ಅಳುತ್ತಿದ್ದಳು. ಆಗ ಮೇಡಂ ಹೇಳಿದ್ದು ನನಗೂ ಹೊಸದು. 1985ರಲ್ಲಿ ನಿಮ್ಹಾನ್ಸ್‌ನವರು ನಮ್ಮ ಜಿಲ್ಲೆಗೇ ಬಂದು, ಹಳ್ಳಿ ಆರೋಗ್ಯ ಕೇಂದ್ರದ ಡಾಕ್ಟರು, ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನಸ್ಸಿನ ಕಾಯಿಲೆಗೆ ಅಲ್ಲೇ ಔಷಧಿ ಸಿಗುವ ಹಾಗೆ ಮಾಡಿ ನೋಡಿದರಂತೆ. ಅದಕ್ಕೆ ಬಳ್ಳಾರಿ ಮಾದರಿ ಅಂತಲೇ ಹೆಸರು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದದ್ದು ಅದನ್ನು ನೋಡಿಯೇ. ಗಣಿ, ಜೀನ್ಸ್, ಬಿಸಿಲು ಬಿಟ್ಟು ಬೇರೆ ಯಾವುದಕ್ಕೂ ನಮ್ಮೂರ ಹೆಸರು ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಕಮ್ಮಿಯಾದ ಒಂದು ಮೆಟ್ಟಿಲಿಗೂ ಕಲ್ಲುಗಳಿಗೂ. ಆರ್ಡರ್ ಇನ್ನೂ ಕಮ್ಮಿಯೇ ಇದೆ, ಬಡ್ಡಿ ಕಟ್ಟುತ್ತಲೇ ಇದ್ದೇನೆ, ಬೆಳಗಿನ ಐದರ ತನಕ ನಿದ್ದೆ ಬರುತ್ತದೆ. ಹೋಗುವವರು ಫೋನ್ ಮಾಡಿಕೊಂಡು ಹೋಗಿ, ಗುರುವಾರ ಮಾತ್ರ ಬೇಡ. ಅವತ್ತು ಗಿರಣಿಯಲ್ಲಿ ಮೆಣಸಿನಕಾಯಿ.